ಕಪಾಟಿನಲ್ಲಿ ಕ್ಷೇಮವಾಗಿರುವ ಹೃದಯಯಂತ್ರದ ಕುರಿತು

ಒಳಾಂಗಣ ಕ್ರೀಡಾಂಗಣದ ವ್ಯವಸ್ಥಾಪಕರ ಸನ್ನಿಧಿಗೆ, ಬ್ಯಾಟು-ಚೆಂಡು ಕೊಡುವ ಕೌಂಟರಿನಲ್ಲಿ ಕೂರುವ ಹುಡುಗಿಯ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ನಿಂತ ಹೃದಯಕ್ಕೆ ವಿದ್ಯುತ್ತಿನ ಏಟು ಕೊಟ್ಟು ಮತ್ತೆ ಬಡಿಯುವಂತೆ ಮಾಡುವ, ಕೆಂಪು ಪೆಟ್ಟಿಗೆಯಂಥ ಯಂತ್ರವನ್ನು ತಾವು ತರಿಸಿ, ಪಾರಿತೋಷಕಗಳ ಗಾಜಿನ ಕಪಾಟಿನಲ್ಲಿ, ಓಟದ ಕಪ್ಪಿಗೂ ಈಜಿನ ಫಲಕಕ್ಕೂ ನಡುವೆ ಕೂರಿಸಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ವರ್ಷವಾಯಿತು. ಇಷ್ಟು ದಿನದಲ್ಲಿ ಅದಕ್ಕೊಂದು ಗೀರೂ ಬಿದ್ದಿಲ್ಲ. ನಮ್ಮ ಸದಸ್ಯರ ಬಗ್ಗೆ ಹಾಗೆ ಹೇಳುವಂತಿಲ್ಲ.

ಕಳೆದ ತಿಂಗಳು ಮಧ್ಯಾಹ್ನ, ನಾವೆಲ್ಲ ದರ್ಜಿ ಮಾವ ಎಂದು ಕರೆಯುವ ಹಿರಿಯರು ಬ್ಯಾಡ್ಮಿಂಟನ್ ಆಡುತ್ತ, ಶಟಲ್ ಗೆರೆಯೊಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳವನ್ನು ಅರ್ಧಕ್ಕೇ ಬಿಟ್ಟು ಕುಸಿದುಬಿದ್ದರು. ಪಕ್ಕದ ಕೋರ್ಟಿನಲ್ಲಿದ್ದ ನರ್ಸಕ್ಕ ಓಡಿಬಂದು ಅವರ ಎದೆ ಒತ್ತತೊಡಗಿದರು. ಮಾವನ ಜೊತೆಗಾರರು ನನ್ನ ಬಳಿ ಬಂದು ಯಂತ್ರ ಕೇಳಿದರು. ಯಾವ ಸಾಮಾನೇ ಇರಲಿ, ಬಳಸುವವರ ಗುರುತಿನ ಚೀಟಿ ಇರಿಸಿಕೊಂಡೇ ಕೊಡತಕ್ಕದ್ದು ಎಂದು ತಾವು ಗೋಡೆಯ ಮೇಲೆ ಬರೆಸಿದ್ದೀರಿ. ಒಂಬತ್ತನೆಯ ತರಗತಿ ಪೂರ್ತಿ ಮಾಡದ ನನಗೆ ಗೋಡೆಬರಹದಲ್ಲಿ ಅಪಾರ ನಂಬಿಕೆ. ಹಾಗಾಗಿ, ಮುಚ್ಚಿಡುವುದೇನು, ನಾನು ಚೀಟಿ ಕೇಳಿದೆ. ಚೀಟಿ ಮಾವನ ಪ್ಯಾಂಟಿನಲ್ಲಿತ್ತು, ಪ್ಯಾಂಟು ಬಟ್ಟೆ ಬದಲಿಸುವ ಕೋಣೆಯಲ್ಲಿತ್ತು.

“ಕಾರ್ಡ್ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಮಿಷನ್ ತಗೊಂಡ್ ಬಾರೇ!” ಎಂದು ನರ್ಸಕ್ಕ ಕಿರುಚಿದ ಮೇಲೆ ಬುದ್ಧಿ ಬಂದು ಕಪಾಟಿಗೆ ಓಡಿದೆ. ಬೀಗದ ಕೈ ತಮ್ಮ ಸೊಂಟದಲ್ಲಿತ್ತು, ತಮ್ಮ ಸೊಂಟ ಊಟಕ್ಕೆ ಹೋಗಿತ್ತು. ಡಂಬೆಲ್ ಎತ್ತಿ ಗಾಜಿಗೆ ಮೂರು ಸಲ ಬಡಿದೆ, ಬಿರುಕೂ ಬಿಡಲಿಲ್ಲ. ಗುಣಮಟ್ಟಕ್ಕಾಗಿ ಅಭಿನಂದನೆಗಳು.

ಒಂಬತ್ತು ನಿಮಿಷ ನರ್ಸಕ್ಕನ ಅಂಗೈಗಳೇ ಮಾವನ ಹೃದಯವಾಗಿದ್ದವು. ಆಮೇಲೆ ಆಂಬ್ಯುಲೆನ್ಸಿನವರು ಬೀಗವಿಲ್ಲದ ಯಂತ್ರ ತಂದರು. ಮೊನ್ನೆ ನೋಡಲು ಹೋದಾಗ ಮಾವ ಹಾಸಿಗೆಯಿಂದಲೇ, “ಏನಮ್ಮಾ, ಸಾಯೋಕೂ ನಿಮ್ಮ ಹತ್ರ ಕಾರ್ಡ್ ಇಡ್ಬೇಕಾ?” ಎಂದರು. ನಗಲು ನೋಡಿದೆ, ಆಗಲಿಲ್ಲ.

ಈ ಘಟನೆಯಿಂದ ಪಾಠ ಕಲಿತು ತಾವು ಕಪಾಟಿಗೆ ಎರಡನೆಯ ಬೀಗ ಹಾಕಿಸಿರುವುದು ಸರಿಯಾಗಿಯೇ ಇದೆ. ಇನ್ನುಳಿದಿರುವುದು ಹೃದಯಗಳನ್ನು ದಾರಿಗೆ ತರುವುದು. ತಾವು ಕುರ್ಚಿಯಲ್ಲಿರುವ ಹೊತ್ತಿನಲ್ಲಿ ಮಾತ್ರ ನಿಲ್ಲತಕ್ಕದ್ದು, ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು ಎಂದು ಸದಸ್ಯರ ಹೃದಯಗಳಿಗೆ ಒಂದು ಸುತ್ತೋಲೆ ಹೊರಡಿಸಬೇಕಾಗಿ ಕೋರುತ್ತೇನೆ. ಅವು ಕೇಳದಿದ್ದರೆ, ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ತಾವೇ ಊಟ ನಿದ್ದೆ ಬಿಟ್ಟು ಬೀಗದ ಕೈ ಹಿಡಿದು ಕೋರ್ಟಿನ ಪಕ್ಕ ನಿಂತಿರಬಹುದು. ಅದೂ ಕಷ್ಟವೆನಿಸಿದರೆ ಯಂತ್ರವನ್ನು ಎಲ್ಲರ ಕೈಗೆಟಕುವಂತೆ, ಬೀಗವಿಲ್ಲದೆ, ಗೋಡೆಗೆ ತೂಗುಹಾಕಬಹುದು. ಇದು ದುಬಾರಿ ಬೇಡಿಕೆಯೆಂದು ಬಲ್ಲೆ: ಒಂದು ಮೊಳೆ ಬೇಕಾಗುತ್ತದೆ.

ಸದ್ಯಕ್ಕೆ ಎದೆ ಬಡಿಯುತ್ತಿರುವ,
ತಮ್ಮ ವಿಶ್ವಾಸಿ,
ಕೌಂಟರಿನ ಹುಡುಗಿ

ಮರೆತ ಮಾತು: ಸೋಮವಾರ ಧೂಳು ಒರೆಸಲೆಂದು ಎರಡೂ ಬೀಗ ತೆಗೆದುಕೊಟ್ಟು ತಾವು ಫೋನಿನಲ್ಲಿ ಮಾತಾಡುತ್ತ ಆಚೆ ಹೋದಿರಿ. ಅಂದಿನಿಂದ ಯಂತ್ರ ಕುಡಿಯುವ ನೀರಿನ ಪಕ್ಕದ ಗೋಡೆಯಲ್ಲಿದೆ. ನಿನ್ನೆ ತಾವು ಅತಿಥಿಗಳಿಗೆ ಗಾಜಿನಾಚೆಯಿಂದ ಹೆಮ್ಮೆಯಿಂದ ತೋರಿಸಿದ್ದು ಕೆಂಪು ಕಾಗದ ಸುತ್ತಿದ ನನ್ನ ಬೂಟಿನ ಡಬ್ಬಿಯನ್ನು. ಅದಕ್ಕೆ ಬೇಕಾದರೆ ಮೂರನೆಯ ಬೀಗವನ್ನೂ ಹಾಕಿಸಿ, ನನ್ನ ಅಭ್ಯಂತರವಿಲ್ಲ.