ಮಧ್ಯದಲ್ಲಿ ಕೂತವರು

ಅಳಿಯನ ಬಾಯಿಗೆ ಎಲ್ಲ ಮಾತೂ ಬರುತ್ತಿತ್ತು, "ಆಗಲ್ಲ" ಎನ್ನುವ ಒಂದು ಮಾತು ಮಾತ್ರ ಬರುತ್ತಿರಲಿಲ್ಲ. ಅವತ್ತಿನ ಫಜೀತಿಗೆಲ್ಲ ಅದೇ ಮೂಲ.

ಅತ್ತೆಯದು ಲಾಂಡ್ರಿ. ಊರಿನ ಮೂಲೆಮೂಲೆಗೂ ಅಂಗಡಿ, ಒಗೆಯುವುದು ಮಾತ್ರ ಒಂದೇ ಕಡೆ, ದೊಡ್ಡ ಷೆಡ್ಡಿನಲ್ಲಿ. ನೋಡಿಕೊಳ್ಳುವವರೆಲ್ಲ ಮನೆಯವರೇ. ಲೆಕ್ಕಕ್ಕೆ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಬಟ್ಟೆ ತಲುಪಿಸುವ ವ್ಯಾನಿಗೆ ಭಾಮೈದ. ಕಂಪ್ಯೂಟರಿಗೆ ಅಳಿಯ. ಎಲ್ಲರ ತಲೆಯ ಮೇಲೆ ಅತ್ತೆ.

ಅವತ್ತು ಹೊಸ ವ್ಯವಸ್ಥೆ ಶುರುವಾಗಬೇಕಿತ್ತು. ಎಷ್ಟೇ ದೂರದ ಅಂಗಡಿಯ ಕಂಪ್ಯೂಟರಾದರೂ ಷೆಡ್ಡಿನ ಕಂಪ್ಯೂಟರಿನ ಜೊತೆ ಪಕ್ಕದಲ್ಲೇ ಕೂತ ಹಾಗೆ ಮಾತಾಡಬೇಕು; ಮಾತು ಹೊತ್ತು ಓಡಾಡುವ ಕೆಲಸ ನಡುವಿನ ವ್ಯವಸ್ಥೆಯದು. ಅಷ್ಟು ಹೇಳಿ ಅಳಿಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹಿಂದಿನ ದಿನ ಎಲ್ಲರೂ ಊಟಕ್ಕೆ ಕೂತಾಗ ಉತ್ಸಾಹ ತಡೆಯಲಾರದೆ ಬಾಯಿಬಿಟ್ಟ.

"ಈ ದಾರಿಯಲ್ಲಿ ಬೇಕಾದ್ರೆ ಕಾವಲುಗಾರರನ್ನೂ ಕೂರಿಸ್ಬಹುದು. ಇಂಟರ್‌ಸೆಪ್ಟರ್ ಅಂತಾರೆ. ಹೋಗೋ ಮಾತು, ಬರೋ ಮಾತು ಎಲ್ಲ ತಡೆದು ನೋಡ್ತಾರೆ, ತಿದ್ತಾರೆ, ಬೇಡ ಅಂದ್ರೆ ವಾಪಸ್ ಕಳಿಸ್ತಾರೆ. ಆದ್ರೆ ಶುರು ಮಾಡುವಾಗಲೇ ಕೂರಿಸ್ಬೇಕು. ಒಮ್ಮೆ ಶುರುವಾಯ್ತೋ, ಹೊಸಬರನ್ನ ಸೇರಿಸೋ ಹಾಗಿಲ್ಲ, ಕೂತವರನ್ನ ಎಬ್ಬಿಸೋ ಹಾಗೂ ಇಲ್ಲ."

ಊಟ ಮಾಡುತ್ತಿದ್ದ ಅತ್ತೆ, ಷಡ್ಡಕ, ಭಾಮೈದ ಮೂವರ ಕೈಯೂ ಅಲ್ಲೇ ನಿಂತಿತು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ರೀ, ನಾಳೆ ಸಮುದ್ರಕ್ಕೆ. ನಾನು, ನೀವು, ಇಬ್ಬರೇ. ಮದುವೆ ಆದಮೇಲೆ ನಾವಿಬ್ಬರೇ ಹೊರಗೆ ಹೋಗಿದ್ದು ಒಂದೇ ಸಲ, ನಿಮ್ಮ ಹಲ್ಲು ಕೀಳಿಸೋಕೆ."

"ಅವತ್ತು ಚೆನ್ನಾಗಿ ಮಾತಾಡಿದ್ವಲ್ಲ."

"ನಾನು ಮಾತಾಡಿದೆ. ನಿಮ್ಮ ಬಾಯಲ್ಲಿ ಹತ್ತಿ ಇತ್ತು. ರಜೆ ಇಲ್ದೆ ಸಂಜೆ ಮನೆಗೆ ಬರಬೇಡಿ!"

ರಜೆ ಕೊಡುವವರು ಅತ್ತೆ. ಕೇಳಿದರೆ "ನೋಡೋಣ" ಎನ್ನುತ್ತಿದ್ದರು. ಆ "ನೋಡೋಣ" ಬಾವಿಗೆ ಬಿದ್ದ ಕೊಡದಂಥದ್ದು, ಮತ್ತೆ ಮೇಲೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹಾಗೆಂದು ಪಕ್ಷಪಾತವಿಲ್ಲ. ವರ್ಷಕ್ಕೊಮ್ಮೆ ತಮಗೂ ರಜೆ ಬೇಕೆಂದು ತಾವೇ ಬರೆದು, ತಾವೇ ಓದಿ, "ನೋಡೋಣ" ಎಂದು ತಾವೇ ಪಕ್ಕಕ್ಕಿಡುತ್ತಿದ್ದರು.

"ರಜೆನಾ ಅಳಿಯಂದ್ರೇ?" ಎಂದರು ಅತ್ತೆ ಷೆಡ್ಡಿನಲ್ಲಿ. "ಇನ್ಮೇಲೆ ಎಲ್ಲ ಹೊಸ ವ್ಯವಸ್ಥೆಯಲ್ಲೇ. ನಾನು ರಜೆ ಕೇಳೋದೂ ಅದರಲ್ಲೇ. ಮೊದಲು ಅದು ಶುರುವಾಗಲಿ, ನೋಡೋಣ."

ಅಳಿಯ ಗುಂಡಿ ಒತ್ತಲು ಕೈ ಚಾಚಿದ. ಬೆನ್ನ ಹಿಂದೆ ಕೆಮ್ಮಿನ ಸದ್ದು.

"ಏನಪ್ಪಾ," ಎಂದ ಷಡ್ಡಕ ಮೆಲ್ಲಗೆ, "ಅಂಗಡಿಯವರು ಗುರುತಿನವರಿಗೆಲ್ಲ ದರ ಕಡಿಮೆ ಮಾಡ್ತಾರೆ. ನನ್ನದೊಬ್ಬ ಕಾವಲುಗಾರ ಇರಲಿ. 'ಕಡಿಮೆ' ಅಂತ ಎಲ್ಲಿ ಕಂಡ್ರೂ ಹೊಡೆದು ಹಾಕಲಿ."

"ಭಾವಾ, ನನ್ನದೂ ಒಬ್ಬ," ಎಂದ ಭಾಮೈದ. "ಎಲ್ಲರೂ ಅರ್ಜೆಂಟು ಅರ್ಜೆಂಟು ಅಂತ ಪ್ರಾಣ ತಿಂತಾರೆ. ಅರ್ಜೆಂಟು ಅಂದವರಿಗೆಲ್ಲ 'ನಾಳೆ ಬನ್ನಿ' ಅಂತ ಅಲ್ಲಿಂದಲೇ ಹೇಳಿ ಕಳಿಸಲಿ."

"ನನ್ನದು ಎಲ್ಲಕ್ಕಿಂತ ಮುಂದೆ," ಎಂದರು ಅತ್ತೆ. "ಯಾರು ಏನೇ ಮಾತಾಡಲಿ, ಒಂದೊಂದೂ ನನ್ನ ಕಂಪ್ಯೂಟರಿಗೆ ಸುದ್ದಿ ಬರಬೇಕು."

ಯಾರ ಕಾವಲುಗಾರ ಯಾರಿಗಿಂತ ಮುಂದೆ ಎಂದು ಗುಂಪು ಫೋಟೋಗೆ ನಿಂತವರ ಹಾಗೆ ನೂಕಾಟವಾಯಿತು. ಅಳಿಯನ ಬಾಯಿಗೆ "ಆಗಲ್ಲ" ಬರಲಿಲ್ಲ. ಮೂವರನ್ನೂ ಕೂರಿಸಿ ಗುಂಡಿ ಒತ್ತಿದ.

ಮೊದಲ ಗಿರಾಕಿ ಒಬ್ಬ ವಕೀಲ. ಇದ್ದೊಂದು ಕರಿ ಕೋಟನ್ನು ಅಂಗಡಿಗೆ ಕೊಟ್ಟು, "ಬಿಸಿ ಕಡಿಮೆ ಇಟ್ಟು ಇಸ್ತ್ರಿ ಮಾಡಿಸಿ" ಎಂದಿದ್ದ. ದಾರಿಯಲ್ಲಿ ಷಡ್ಡಕನ ಕಾವಲುಗಾರ "ಕಡಿಮೆ" ಕಂಡ, ಹೊಡೆದು ಹಾಕಿದ. ಷೆಡ್ಡಿಗೆ ತಲುಪಿದ್ದು "ಬಿಸಿ ಇಟ್ಟು ಇಸ್ತ್ರಿ ಮಾಡಿಸಿ" ಎಂದು. ಅಲ್ಲಿ ಇಸ್ತ್ರಿ ಮಾಡುವವರು ಭಕ್ತಿಯಿಂದ ಹಾಗೇ ಮಾಡಿದರು.

ಗಳಿಗೆ ಬಿಟ್ಟು ವಕೀಲ ಅಂಗಡಿಯಲ್ಲಿ "ಕೋಟು ಎಲ್ಲಿ? ಅರ್ಜೆಂಟು" ಎಂದ. "ನಾಳೆ ಬನ್ನಿ" ಎಂದು ಉತ್ತರ ಬಂತು. ಬಹಳ ಅರ್ಜೆಂಟು ಎಂದ. "ನಾಳೆ ಬನ್ನಿ". ಬೆವರು ಸುರಿಸುತ್ತ ಷೆಡ್ಡಿಗೇ ಓಡಿ ಬಂದ. ಕೋಟು ಬಾಗಿಲ ಹಿಂದೆಯೇ ತೂಗುತ್ತಿತ್ತು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು ಕನ್ನಡಿಯ ಹಾಗೆ ಮಿನುಗುತ್ತಿತ್ತು.

"ಇದನ್ನ ಹಾಕ್ಕೊಂಡು ನ್ಯಾಯಾಧೀಶರಿಗೆ ಬೆನ್ನು ತೋರಿಸೋದು ಹೇಗ್ರೀ?"

"ನ್ಯಾಯಾಧೀಶರಿಗೆ ಬೆನ್ನು ಯಾಕೆ ತೋರಿಸ್ತೀರಾ ಸಾರ್?" ಎಂದ ಭಾಮೈದ.

ಅಷ್ಟರಲ್ಲಿ ಅತ್ತೆಯ ಕೋಣೆಯಿಂದ ಟಣ್ ಎಂದು ಗಂಟೆ. ಮತ್ತೆ ಟಣ್. ಆಮೇಲೆ ಟಣಟಣಟಣ ಎಂದು ಶಾಲೆ ಬಿಟ್ಟ ಹಾಗೆ.

"ನೋಡಿದ್ರಾ, ಎಷ್ಟು ವ್ಯಾಪಾರ!" ಅತ್ತೆಯ ಮುಖ ಅರಳಿತು.

ಅಳಿಯ ಇಣುಕಿ ನೋಡಿ ತಲೆ ಹಿಡಿದುಕೊಂಡ. ವಕೀಲನ ಮಾತು ಹೋಗಿದೆ ಎಂದು ಅತ್ತೆಯ ಕಾವಲುಗಾರ ಅವರಿಗೆ ಸುದ್ದಿ ಕಳಿಸಿದ್ದ. ಸುದ್ದಿಯೂ ಒಂದು ಮಾತೇ, ಅದೂ ಅದೇ ದಾರಿಯಲ್ಲೇ ಹೋಗಬೇಕು. ಹಾಗಾಗಿ ಸುದ್ದಿ ಹೋಗಿದೆ ಎಂದು ಇನ್ನೊಂದು ಸುದ್ದಿ. ಆ ಸುದ್ದಿ ಹೋಗಿದೆ ಎಂದು ಮತ್ತೊಂದು. ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಗುವ ನಾಯಿಯ ಹಾಗೆ ಆ ಕಾವಲುಗಾರ ಗಿರಗಿರ ಸುತ್ತುತ್ತಿದ್ದ. ದಾರಿಯೆಲ್ಲ ಅವನ ಸುದ್ದಿಯೇ ತುಂಬಿ, ಊರಿನ ಅಂಗಡಿಗಳೆಲ್ಲ ಗಪ್‌ಚುಪ್.

"ಅವನನ್ನ ಎಬ್ಬಿಸ್ರೀ!" ಅತ್ತೆ ಕಿವಿ ಮುಚ್ಚಿಕೊಂಡು ಕೂಗಿದರು.

"ಕೂತವರನ್ನ ಎಬ್ಬಿಸೋ ಹಾಗಿಲ್ಲ ಅತ್ತೆ. ಎಲ್ಲ ನಿಲ್ಲಿಸಿ ಮೊದಲಿಂದ ಶುರು ಮಾಡ್ಬೇಕು."

"ನಿಲ್ಲಿಸಿ! ಮೂರೂ ಜನರನ್ನ ಆಚೆಗೆ ಹಾಕಿ!"

ಎಲ್ಲ ನಿಂತಿತು. ವಕೀಲ ಬೇರೆ ಯಾರದೋ ಕೋಟು ಹಾಕಿಕೊಂಡು ಓಡಿದ. ಅಳಿಯ ಮೂವರು ಕಾವಲುಗಾರರನ್ನೂ ತೆಗೆದ. ವ್ಯವಸ್ಥೆ ಇನ್ನೂ ಶುರುವಾಗಿರಲಿಲ್ಲ, ಕೋಣೆಯಲ್ಲಿ ಅವನೊಬ್ಬನೇ. ಆಗ ಹುಟ್ಟಿದಾರಭ್ಯ ಬಾರದಿದ್ದ ಯೋಚನೆಯೊಂದು ಬಂತು. ನನ್ನದೂ ಒಬ್ಬನಿರಲಿ. ರಜೆ ಬೇಕೆಂಬ ಮಾತು ಬಂದರೆ ಅತ್ತೆಗೆ ತೊಂದರೆ ಕೊಡದೆ, "ಮಂಜೂರಾಗಿದೆ, ಹೋಗಿ ಬನ್ನಿ" ಎಂದು ಅಲ್ಲಿಂದಲೇ ಹೇಳಿ ಕಳಿಸಲಿ. ಸರಸರ ಬರೆದ. ಇನ್ನೊಂದು ಸಾಲು ಬಾಕಿಯಿತ್ತು.

"ಇನ್ನೂ ಎಷ್ಟೊತ್ರೀ?" ಅತ್ತೆಯ ದನಿ ಬಾಗಿಲಲ್ಲೇ. ಬೆಚ್ಚಿ ಗುಂಡಿ ಒತ್ತಿಬಿಟ್ಟ.

ವ್ಯವಸ್ಥೆ ಎಣ್ಣೆ ಹಾಕಿದ ಚಕ್ರದ ಹಾಗೆ ಓಡಿತು. ಸಂಜೆ ಅಳಿಯ ರಜೆ ಕೇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮಂಜೂರಾಯಿತು. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಮನೆಗೆ ಹೋದ.

ಬೆಳಗಾಯಿತು. ಗಂಡ ಹೆಂಡತಿ ಚೀಲ ಹಿಡಿದು ಬಾಗಿಲು ತೆಗೆದರೆ ಎದುರಿಗೆ ಲಾಂಡ್ರಿಯ ವ್ಯಾನು.

"ಭಾವಾ, ಬಸ್ಸು ಯಾಕೆ? ಹತ್ತಿ!" ಸ್ಟೇರಿಂಗಿನ ಹಿಂದೆ ಭಾಮೈದ. "ಸುಮ್ನೆ ಕೇಳಿ ನೋಡಿದೆ, ನನಗೂ ರಜೆ ಸಿಕ್ತು!"

"ನನಗೂನಪ್ಪಾ," ಎಂದ ಷಡ್ಡಕ, ಮಡಿಲಲ್ಲಿ ಕೊಡೆ ಇಟ್ಟುಕೊಂಡು.

ತನ್ನ ರಜೆಗೆ ಮಾತ್ರ ಎಂದು ಬರೆಯಬೇಕಿದ್ದ ಆ ಸಾಲು ಅಳಿಯನಿಗೆ ಈಗ ನೆನಪಾಯಿತು. ವ್ಯಾನಿನ ಒಳಗಿನಿಂದ ಅತ್ತೆ ಇಣುಕಿದರು. ಅವರ ಮುಖದಲ್ಲಿ ಚಿಕ್ಕ ಹುಡುಗಿಯ ಸಂಭ್ರಮ.

"ಇಷ್ಟು ವರ್ಷದಲ್ಲಿ ನನಗೆ ರಜೆ ಕೊಟ್ಟಿದ್ದು ನಿಮ್ಮ ಕಂಪ್ಯೂಟರೊಂದೇ ಅಳಿಯಂದ್ರೇ! ಹೋಗಿ ಬನ್ನಿ ಅಂತು. ಲಾಂಡ್ರಿಗೆ ಬೀಗ ಹಾಕಿ ಬಂದುಬಿಟ್ಟೆ!"

ಅಳಿಯ ಒಂದು ಕಿಟಕಿಗೆ, ಹೆಂಡತಿ ಇನ್ನೊಂದು ಕಿಟಕಿಗೆ. ನಡುವೆ ಅತ್ತೆ ಮತ್ತು ಷಡ್ಡಕ. ವ್ಯಾನು ಹೊರಟಿತು.

ಅಳಿಯ ಬಗ್ಗಿ, "ಏನೇ, ಬಿಸಿಲು ಬೀಳ್ತಿದೆಯಾ?" ಎಂದ.

"ಇಲ್ಲ, ಅವಳಿಗೆ ಬಿಸಿಲು ಇಷ್ಟ," ಎಂದರು ಅತ್ತೆ.

"ಸ್ವಲ್ಪ ಕಡಿಮೆ ಇದೆ," ಎಂದಳು ಹೆಂಡತಿ.

"ಇದೆಯಂತೆ," ಎಂದು ಷಡ್ಡಕ ದಾಟಿಸಿದ.

ಅಳಿಯ ಮುಂದಕ್ಕೆ ಬಾಗಿ ಭಾಮೈದನ ಭುಜ ತಟ್ಟಿದ. "ಒಂದು ನಿಮಿಷ ನಿಲ್ಲಿಸಪ್ಪಾ. ಜಾಗ ಬದಲಾಯಿಸ್ಕೋತೀವಿ. ಅರ್ಜೆಂಟು."

"ನಾಳೆ ನೋಡೋಣ ಭಾವಾ!"

ಅತ್ತೆ ನಗುತ್ತ ಸೀಟಿಗೆ ಇನ್ನಷ್ಟು ಒರಗಿ ಕೂತರು. "ಒಮ್ಮೆ ಶುರುವಾದ್ಮೇಲೆ ಕೂತವರನ್ನ ಎಬ್ಬಿಸೋ ಹಾಗಿಲ್ಲ ಅಂತ ನೀವೇ ಹೇಳಿದ್ರಲ್ಲ ಅಳಿಯಂದ್ರೇ."