ಬಾಂಗ್ಸಾರ್‌ನಲ್ಲಿ ಸಿಕ್ಕ ನಾರ್ವೆ

ನಗೋಂಥದ್ದು ಕೆಲವರ ಬಾಳಲ್ಲಿ ವರ್ಷಕ್ಕೊಮ್ಮೆ ನಡೆಯುತ್ತೆ. ನನ್ನದು ಹಾಗಲ್ಲ. ಊಟದ ಡಬ್ಬಿ ಹಿಡಿದು ಪುಚೊಂಗ್‌ನಲ್ಲಿ ರೈಲು ಹತ್ತಿದರೆ ಸಾಕು, ಸಂಜೆಯೊಳಗೆ ಒಂದಾದರೂ ಗ್ಯಾರಂಟಿ. ಕೆಲಸವೇ ಅಂಥದ್ದು. ನಾರ್ವೆ ದೇಶದ ದೊಡ್ಡ ದೊಡ್ಡ ರೇಡಿಯೋ ಕೇಂದ್ರಗಳೆಲ್ಲ ಎಫ್ಎಂ ಬಿಟ್ಟು ಡಿಜಿಟಲ್‌ಗೆ ಹೋದವು. ಹಳೇ ಸೆಟ್ಟುಗಳು ಮೂಲೆ ಸೇರಿದವು, ಅಡುಗೆಮನೆಗೂ ಕಾರಿಗೂ ಹೊಸವು ಬೇಕಾದವು. ಆ ಹೊಸ ಸೆಟ್ಟುಗಳಿಗೆ ಸಾಫ್ಟ್‌ವೇರ್ ಹಾಕಿ, ಪರೀಕ್ಷೆ ಮಾಡಿ ಕಳಿಸೋದು ಕೌಲಾಲಂಪುರದ ಬಾಂಗ್ಸಾರ್‌ನಲ್ಲಿರುವ ನಮ್ಮ ಪುಟ್ಟ ಆಫೀಸು. ಪರೀಕ್ಷೆ ಮಾಡುವವಳು ಮೈಸೂರಿನ ನಾನು. ನಾರ್ವೆಯನ್ನು ಕಣ್ಣಲ್ಲಿ ಕಂಡವಳಲ್ಲ. ಅಲ್ಲಿಂದ ರೆಕಾರ್ಡ್ ಮಾಡಿ ಕಳಿಸಿದ ಸಿಗ್ನಲ್ಲನ್ನು ಒಂದು ಸಣ್ಣ ಪೆಟ್ಟಿಗೆಯಿಂದ ಬಿಟ್ಟುಕೊಂಡು ದಿನವಿಡೀ ಅವರ ಹವಾಮಾನ ವರದಿ ಕೇಳ್ತೀನಿ. ಹೊರಗೆ ನೆತ್ತಿ ಸುಡೋ ಬಿಸಿಲು, ಕಿವಿಯಲ್ಲಿ ಹಿಮಪಾತ.

ಹೋದ ವರ್ಷ ಮಾತ್ರ ನಗೋ ಪರಿಸ್ಥಿತಿ ಇರಲಿಲ್ಲ. ನಾವು ಕಳಿಸಿದ ಸೆಟ್ಟುಗಳನ್ನು ನಾರ್ವೆಯ ಕಂಪನಿ ಎರಡು ಸಲ ಬೇಡ ಅಂದಿತ್ತು. ನಮ್ಮ ಬಾಸ್ ಪೆನಾಂಗ್ ಕಡೆಯ ಚೀನೀಯರು, ಬಹಳ ಒಳ್ಳೇ ಮನುಷ್ಯ. ಆದರೂ ಕೂರಿಸಿಕೊಂಡು ಹೇಳಿಯೇಬಿಟ್ಟರು: "ಮೂರನೇ ಸಲವೂ ಫೇಲ್ ಆದರೆ ಪ್ರಾಜೆಕ್ಟ್ ಬಂದ್. ನಿನ್ನ ವರ್ಕ್ ಪಾಸ್ ರಿನ್ಯೂ ಮಾಡಿಸೋದು ನನ್ನ ಕೈಲಾಗಲ್ಲ ಲಾ." ಇಲ್ಲಿ ಮಾತಿನ ಬಾಲಕ್ಕೊಂದು 'ಲಾ' ಇರಲೇಬೇಕು. ನಮ್ಮ ಮನೆಯವರು, ಮಗಳು ಎಲ್ಲ ನನ್ನ ಪಾಸಿನ ಮೇಲೇ ಇಲ್ಲಿರೋದು. ಮಗಳ ಪರೀಕ್ಷೆಗೆ ಇನ್ನು ಆರೇ ತಿಂಗಳು.

ಪಾರ್ಕಿಂಗಿನ ಅಣ್ಣ

ನಾರ್ವೆಯ ತುಂಬ ಸುರಂಗರಸ್ತೆಗಳಂತೆ. ಕಾರು ಸುರಂಗ ಹೊಕ್ಕಾಗ ರೇಡಿಯೋ ಏನು ಮಾಡುತ್ತೆ ನೋಡಬೇಕು. ಮೊದಲ ಸಲ ಫೇಲಾಗಿದ್ದೇ ಅದರಲ್ಲಿ. ಬಾಂಗ್ಸಾರ್‌ನಲ್ಲಿ ಸುರಂಗ ಎಲ್ಲಿಂದ ತರಲಿ? ನಮ್ಮ ಕಟ್ಟಡದ ನೆಲಮಾಳಿಗೆಯ ಕಾರ್ ಪಾರ್ಕಿಂಗೇ ಗತಿ. ಸಿಗ್ನಲ್ ಬಿಡೋ ಪೆಟ್ಟಿಗೆಯನ್ನು ಮೇಲೆ ಇಟ್ಟು, ಒಂದು ಕೈಯಲ್ಲಿ ರೇಡಿಯೋ, ಇನ್ನೊಂದರಲ್ಲಿ ಉದ್ದನೆ ಏರಿಯಲ್ ಹಿಡಿದು ಕಂಬ ಕಂಬ ಸುತ್ತುತ್ತಿದ್ದೆ. ತಮಿಳು ಸೆಕ್ಯುರಿಟಿ ಅಣ್ಣ ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೇ ದಿನ ತಡೆಯಲಾರದೆ ಬಂದರು.

"ಏನು ಹುಡುಕ್ತಿದೀರಿ ಅಕ್ಕಾ?"

"ನಾರ್ವೆ ಸಿಗುತ್ತಾ ನೋಡ್ತಿದೀನಿ ಅಣ್ಣಾ."

ಅವರು ತಮ್ಮ ಮೊಬೈಲ್ ಎತ್ತಿ ತೋರಿಸಿದರು. "ಇಲ್ಲಿಂದ ಮೇಲಿನ ಮಹಡಿಯ ಸೂಪರ್‌ವೈಸರ್ರೇ ಸಿಗಲ್ಲ, ನೀವು ನಾರ್ವೆಗೆ ಹೊರಟಿದೀರಲ್ಲ!"

ತಾಜಾ ಮಾಲು

ಎರಡನೇ ಸಲ ಕೈಕೊಟ್ಟಿದ್ದು ಚಳಿ. ಹಿಮದಲ್ಲಿ ನಿಂತ ಕಾರಿನಲ್ಲೂ ರೇಡಿಯೋ ಹಾಡಬೇಕು, ನಮ್ಮದು ಮೂಕವಾಗಿತ್ತು. ಚಳಿ ಹುಟ್ಟಿಸೋ ದೊಡ್ಡ ಯಂತ್ರ ನಮ್ಮ ಆಫೀಸಿಗೆಲ್ಲಿ ಬರಬೇಕು? ಕೆಳಗಡೆ ರೊಟ್ಟಿ, ಟೀ ಮಾರುವ ಮಾಮಕ್ ಅಂಗಡಿಯಿದೆ. ಅದರ ಯಜಮಾನರ ಕೈಕಾಲು ಹಿಡಿದು ಅವರ ಫ್ರೀಜರಿನಲ್ಲಿ ಒಂದು ಮೂಲೆ ಸಂಪಾದಿಸಿದೆ. ಮೀನಿನ ಪೊಟ್ಟಣಗಳ ಮಧ್ಯೆ ರೇಡಿಯೋ ಇಟ್ಟು, ಅದರ ವೈರನ್ನು ಹೊರಗಿನ ಸಿಗ್ನಲ್ ಪೆಟ್ಟಿಗೆಗೆ ಸಿಕ್ಕಿಸಿ, ಪಕ್ಕದ ಟೇಬಲ್ಲಿನಲ್ಲಿ ಟೀ ಹೀರುತ್ತಾ ಕೂತೆ.

ಒಂದು ಗಂಟೆ ಕಳೆದಿರಬಹುದು. ಯಜಮಾನರು ಐಸ್ ತೆಗೆಯೋಕೆ ಮುಚ್ಚಳ ಎತ್ತಿದ್ದೇ ತಡ, ಒಳಗಿಂದ ಗಂಡಸಿನ ಗಂಭೀರ ದನಿಯಲ್ಲಿ ನಾರ್ವೆ ಭಾಷೆಯ ವಾರ್ತೆ. ಗಿರಾಕಿಯೊಬ್ಬರು ಚಮಚ ಕೆಳಗೆ ಹಾಕಿದರು. "ಯಾರದು ಒಳಗೆ?"

ಯಜಮಾನರು ಮುಖದಲ್ಲಿ ಗೆರೆ ಕದಲಿಸದೆ ಅಂದರು: "ಯುರೋಪಿನ ಮೀನು. ತುಂಬಾ ಫ್ರೆಶ್ ಲಾ, ಇನ್ನೂ ಮಾತಾಡ್ತಿದೆ."

ಎರಡು ಸೆಕೆಂಡು

ಆ ಹೊತ್ತಿಗೇ ಉಡುಪಿಯಿಂದ ಅತ್ತೆ-ಮಾವ ಎರಡು ತಿಂಗಳಿಗೆಂದು ಬಂದಿದ್ದರು. ಅತ್ತೆ ಎಲ್ಲದರಲ್ಲೂ ಕೈಹಾಕುವವರು. ಮಾವ ಯಾವುದರಲ್ಲೂ ಇಲ್ಲ. ಒಂದು ದಿನ ಮನೆಯಿಂದಲೇ ಕೆಲಸ. ಸಿಗ್ನಲ್ ಪೆಟ್ಟಿಗೆಯನ್ನು ಮನೆಗೆ ತಂದು, ಒಂದೇ ಕಾರ್ಯಕ್ರಮವನ್ನು ಹಳೇ ಎಫ್ಎಂ ಸೆಟ್ಟಿನಲ್ಲೂ ಹೊಸ ಡಿಜಿಟಲ್ ಸೆಟ್ಟಿನಲ್ಲೂ ಹಾಕಿ ಹೋಲಿಸುತ್ತಿದ್ದೆ. ಡಿಜಿಟಲ್ಲಿನಲ್ಲಿ ದನಿಯನ್ನು ಮಡಿಸಿ ಕಳಿಸಿ, ಈಚೆ ಬಿಡಿಸೋದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಹಾಗಾಗಿ ಅದು ಎರಡು ಸೆಕೆಂಡು ಹಿಂದೆ.

ಅತ್ತೆ ಸೌಟು ಹಿಡಿದೇ ಬಂದರು. "ಎಂತ ಮಾರಾಯ್ತಿ ಇದು? ಹಳೇದು ಮೊದಲು ಹೇಳ್ತದೆ, ಹೊಸದು ಆಮೇಲೆ ಅದನ್ನೇ ಹೇಳ್ತದೆ?"

"ಅಜ್ಜಿ, ದಟ್ಸ್ ನಾರ್ಮಲ್ ಲಾ," ಅಂದಳು ಮಗಳು.

"ಎಂತ ನಾರ್ಮಲ್? ಇದು ಥೇಟು ನಿನ್ನ ಅಜ್ಜನ ಹಾಗೆ ಉಂಟು. ನಲವತ್ತು ವರ್ಷ ಆಯ್ತು, ಕರೆದ ಕೂಡಲೇ ಓಗೊಟ್ಟದ್ದೇ ಇಲ್ಲ. ರೀ, ಕೇಳ್ತಾ?"

ನಾನು ಸೆಕೆಂಡು ಎಣಿಸಿದೆ. ಒಂದು. ಎರಡು. ಒಳಕೋಣೆಯಿಂದ ಮಾವ: "ಎಂತ?"

ಹನ್ನೆರಡನೇ ಸೆಟ್ಟು

ಮೂರನೇ ಸಲ ಕಳಿಸಬೇಕಾದ ಹನ್ನೆರಡು ಸೆಟ್ಟು ತಯಾರಾದ ದಿನವೇ ಆಯುಧಪೂಜೆ. ಇಲ್ಲಿ ರಜೆಯಿಲ್ಲ. ಅತ್ತೆ ಬೆಳಿಗ್ಗೆಯೇ ಹಟ ಹಿಡಿದರು. "ಅನ್ನ ಹಾಕುವ ಸಾಮಾನು. ಪೂಜೆ ಮಾಡದೆ ಎರಡು ಸಲ ಕಳಿಸಿದ್ದೀ, ಎಂತಾಯ್ತು ನೋಡಿದ್ದೀಯಲ್ಲ?"

ಕೊನೆಗೆ ಅತ್ತೆ-ಮಾವ ಇಬ್ಬರನ್ನೂ ಆಫೀಸಿಗೇ ಕರೆದುಕೊಂಡು ಹೋದೆ. ಬಾಸ್ ಒಪ್ಪಲಾರರು ಅಂದುಕೊಂಡಿದ್ದೆ. ಅವರೋ ತಾವೇ ಶೂ ಬಿಚ್ಚಿ ಕೈಮುಗಿದು ನಿಂತರು. "ಎರಡು ಸಲ ಸಾಫ್ಟ್‌ವೇರ್ ಮಾತ್ರ ನಂಬಿದ್ದಾಯಿತು," ಅಂದರು.

ನಾನು ನೋಡನೋಡುತ್ತಿದ್ದಂತೆ ಅತ್ತೆ ಬೆಳ್ಳಗಿನ ಸೆಟ್ಟುಗಳ ಹಣೆಗೆ ಗಂಧ ಹಚ್ಚಿ ದಪ್ಪ ಕುಂಕುಮ ಇಟ್ಟೇಬಿಟ್ಟರು. ಮಾವ ಒಂದು ಸೆಟ್ಟು ಎತ್ತಿಕೊಂಡು ಪ್ಯಾಂಟ್ರಿಯಲ್ಲಿ ಹಾಡು ಕೇಳುತ್ತಾ ಕೂತಿದ್ದರು. ಕರೆದೆವು. ಅವರು ಅವರದೇ ವೇಗದಲ್ಲಿ ತಂದುಕೊಡುವಷ್ಟರಲ್ಲಿ ಮಂಗಳಾರತಿ ಮುಗಿದು, ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದ. ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿ ನೋಡಿದೆ. ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿತ್ತು, ಒರೆಸಿದಷ್ಟೂ ಕೆಂಪು. ವಿಧಿಯಿಲ್ಲದೆ ಹನ್ನೆರಡನ್ನೂ ಹಾಗೇ ಕಳಿಸಿದೆವು. ಹದಿನೈದು ದಿನ ಕಳೆಯಿತು.

ನಾರ್ವೆಯಿಂದ ವಿಡಿಯೋ ಕರೆ ಬಂತು. ಅಲ್ಲಿ ಗುಣಮಟ್ಟ ನೋಡುವ ಹೆಂಗಸು, ನಗೆಯ ಸುಳಿವೂ ಇಲ್ಲದ ಮುಖ. "ಹನ್ನೊಂದು ಸೆಟ್ಟು ಪಾಸು. ಹನ್ನೆರಡನೆಯದನ್ನು ನಾವು ಮುಟ್ಟಿಲ್ಲ."

"ಯಾಕೆ ಮೇಡಂ?" ಅಂದೆ.

"ಅದರ ಮೇಲೆ ಕೆಂಪು ಗುರುತಿಲ್ಲ. ನಿಮ್ಮಲ್ಲಿ ಕಡೇ ತಪಾಸಣೆ ಆಗದ ಸೆಟ್ಟನ್ನು ಕಳಿಸಿದ್ದು ಹೇಗೆ?"

ಬಾಸ್ ನನ್ನನ್ನು ನೋಡಿದರು, ನಾನು ಬಾಸನ್ನು. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಮೇಡಂ, ಆ ಗುರುತು ಇಟ್ಟವರು ನಮ್ಮ ಅತ್ತೆ. ಅದು ಪೂಜೆ," ಅಂದುಬಿಟ್ಟೆ.

ಆಕೆ ಕನ್ನಡಕ ಸರಿಮಾಡಿಕೊಂಡರು. "ಅವರಿಗೆ ಅನುಭವ ಇದೆಯಾ?"

"ನಲವತ್ತು ವರ್ಷ. ಅವರ ಕಣ್ಣು ತಪ್ಪಿಸಿ ನಮ್ಮ ಮನೆಯಿಂದ ಏನೂ ಹೊರಗೆ ಹೋಗಲ್ಲ."

ಆಕೆ ಅದನ್ನು ಬರೆದುಕೊಂಡರು. "ಸರಿ. ಹನ್ನೆರಡನೆಯದನ್ನು ವಾಪಸ್ ಕಳಿಸ್ತೀವಿ. ಅವರ ಕೈಯಲ್ಲೇ ಗುರುತು ಹಾಕಿಸಿ, ಸಹಿ ಮಾಡಿಸಿ. ನಿಮ್ಮ ಪ್ರಾಜೆಕ್ಟ್ ಮಂಜೂರು."

ನಾನು ಅಲ್ಲೇ ಗಳಗಳ ಅತ್ತುಬಿಟ್ಟೆ. ಸೆಟ್ಟು ಮರಳಿ ಬಂತು, ನಮ್ಮತ್ತೆ ಕುಂಕುಮವಿಟ್ಟು ಫಾರ್ಮಿಗೆ ಸಹಿ ಹಾಕಿದರು. ಅಂದು ಸಂಜೆ ಬಾಸ್ ಫೋನ್ ಮಾಡಿದರು. ಎಲ್ಲರೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

"ನಿನ್ನ ಪಾಸ್ ರಿನ್ಯೂಗೆ ಕೊಟ್ಟಾಯಿತು, ಚಿಂತೆ ಬಿಡು. ಅತ್ತೆಯ ವೀಸಾ ಎಲ್ಲಿಯವರೆಗಿದೆ?"

"ಮುಂದಿನ ವಾರ ಊರಿಗೆ ಹೊರಡ್ತಾರೆ ಸರ್."

"ಅಯ್ಯೋ, ಹೋಗೋಕೆ ಬಿಡಬೇಡ! ಇನ್ನೂರು ಸೆಟ್ಟು ಆರ್ಡರ್ ಬಂದಿದೆ. ನಿನ್ನ ಬದಲು ಬೇರೆಯವರು ಸಿಗ್ತಾರೆ ಲಾ, ಅವರ ಬದಲು ಯಾರು?"

ಅತ್ತೆ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಒಳಕೋಣೆಯತ್ತ ಕೂಗಿದರು: "ರೀ, ಟಿಕೆಟ್ ಮುಂದೆ ಹಾಕಿಸಿ, ನನಗೆ ಇಲ್ಲಿ ಕೆಲಸ ಸಿಕ್ಕಿತು!"

ಒಂದು. ಎರಡು.

"ಎಂತ?"