ವಾಪಸ್ ಪಡೆದ ಶಾಪ

ಸಾರಿನ ಪುಡಿಗೆ ಒಣಮೆಣಸಿನಕಾಯಿ ಹುರಿಯುತ್ತಿದ್ದೆ. ನಮ್ಮ ಯಜಮಾನರು ಬಂದು, ತೋಟದಲ್ಲಿ ಎರಡು ಸಾಲು ಹಿಪ್ಪುನೇರಳೆ ಸೊಪ್ಪನ್ನು ಯಾರೋ ಕುಯ್ದುಕೊಂಡು ಹೋಗಿದ್ದಾರೆ ಎಂದರು. ಲಾಕ್‌ಡೌನಿನ ಎರಡನೇ ತಿಂಗಳು. ಘಾಟಿಗೆ ಇಬ್ಬರೂ ಒಟ್ಟಿಗೆ ಕೆಮ್ಮಿದೆವು. ಬೀದಿಯಲ್ಲಿದ್ದವರು ಮೂಗು ಮುಚ್ಚಿಕೊಂಡು ಓಡಿದರು. ಹಾಗಾಗಿ ಕದ್ದವರನ್ನು ಕಂಡಿರಾ ಎಂದು ವಿಚಾರಿಸೋಣವೆಂದರೆ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ.

ಕಳ್ಳತನ ನಮಗೆ ಹೊಸದಲ್ಲ, ಊರಿಗೊಂದು ಬಗೆ ಅಷ್ಟೆ. ನನ್ನ ತವರು ಕೋಡಿಹಳ್ಳಿ ಕಡೆ ಕುರಿ ಹೋಗುತ್ತವೆ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಮೈದುನನ ಬೈಕು ಹೋಯಿತು. ಮಾಗಡಿಯ ಅತ್ತಿಗೆಗೆ ಕತ್ತಿನ ಸರದ ಭಯ. ನಮ್ಮ ಹೊಂಗನೂರಿನಲ್ಲಿ ಪಂಪ್‌ಸೆಟ್ಟಿನ ವೈರು. ಲಾಕ್‌ಡೌನ್ ಬಂದದ್ದೇ ತಡ, ಇವೆಲ್ಲ ನಿಂತುಹೋದವು. ಅತ್ತಿಗೆಯಂತೂ ಫೋನಿನಲ್ಲಿ, "ಸರ ಹಾಕ್ಕೊಂಡೇ ಬಾಗ್ಲು ಗುಡಿಸ್ತೀನಿ ಕಣಮ್ಮ, ಕಿತ್ಕೊಳ್ಳೋಕೆ ಒಬ್ಬ ಕಳ್ಳನೂ ದಿಕ್ಕಿಲ್ಲ" ಎಂದು ಬೇಸರಪಟ್ಟುಕೊಂಡಳು.

ಹೊರಗಿನವರು ಬರಬಾರದೆಂದು ನಮ್ಮೂರ ದಾರಿಗೆ ಜಾಲಿಮುಳ್ಳು ಹಾಕಿಸಿದ್ದೆವು. ಹಾಕಿ ಹಾಕಿ ಎಂದು ಮುಂದೆ ನಿಂತು ಕೂಗಾಡಿದವಳು ನಾನೇ. ಅಂದಮೇಲೆ ಸೊಪ್ಪು ಕದ್ದವರು ಊರೊಳಗಿನವರೇ. ಹೊಟ್ಟೆ ಉರಿದದ್ದು ಅದಕ್ಕೆ. ನಮ್ಮ ರೇಷ್ಮೆಹುಳಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಇನ್ನೊಂದು ವಾರ ಅವಕ್ಕೆ ಸೊಪ್ಪು ಕಡಿಮೆಯಾದರೆ ಗೂಡಿನ ಆಸೆ ಬಿಡಬೇಕು. ಸೀದಾ ದೇವರ ಮುಂದೆ ನಿಂತು, "ಮಾದಪ್ಪ, ಬೇರೆಯವರ ಗಿಡಕ್ಕೆ ಕೈ ಹಾಕಿದವರ ಮನೆ ಹುಳ ಗೂಡು ಕಟ್ಟದೇ ಹೋಗ್ಲಿ" ಎಂದು ಬೀದಿಗೆಲ್ಲ ಕೇಳುವಂತೆ ಬೇಡಿಕೊಂಡೆ. ಮಾದಪ್ಪನ ಕಿವಿ ಚೆನ್ನಾಗಿಯೇ ಇದೆ. ನಾನು ಕೂಗಿದ್ದು ಅವನಿಗಲ್ಲ.

ಯಜಮಾನರು ತಲೆ ಕೆರೆದುಕೊಂಡರು. "ಕಡ್ಡಿನೆಲ್ಲ ಒಂದೇ ಮಟ್ಟಕ್ಕೆ ಕುಯ್ದವ್ರೆ ಕಣೆ. ದನ ನುಗ್ಗದಂಗೆ ಬೇಲಿನೂ ಮುಚ್ಚೋಗವ್ರೆ. ಇಂಥ ಕಳ್ರು ಸಿಗಕ್ಕೂ ಪುಣ್ಯ ಬೇಕು."

ಸ್ವಲ್ಪ ಹೊತ್ತಿಗೆ ಪಕ್ಕದ ಮನೆ ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳದ ಆಚೆ ತುದಿಯಲ್ಲಿ ಬಂದು ನಿಂತಳು. ಅವಳೂ ಹುಳ ಸಾಕುವವಳು, ಸೊಪ್ಪು ಮಾತ್ರ ಕೊಂಡು ತರಬೇಕು.

"ಅಕ್ಕ, ಸೊಪ್ಪು ಕುಯ್ದಿದ್ದು ನಾನೇ ಕಣಕ್ಕ. ಸೊಪ್ಪಿನ ಟೆಂಪೊ ನಿಮ್ಮ ಮುಳ್ಳು ನೋಡಿ ವಾಪಸ್ ಹೊಂಟೋಯ್ತು. ಹುಳ ಎಲ್ಲ ತಲೆ ಎತ್ಕೊಂಡು ನನ್ನೇ ನೋಡ್ತಿದ್ವು."

"ಕೇಳಿದ್ರೆ ಕೊಡ್ತಿರ್ಲಿಲ್ವೇನೆ ನಾನು?"

"ಎರಡು ದಿನ ಬಾಗ್ಲು ಬಡ್ದಿವ್ನಿ. ನೀನು ಒಳಗಿಂದ್ಲೇ 'ಮನೇಲಿ ಯಾರೂ ಇಲ್ಲ' ಅಂದೆ."

ಅದು ನಿಜ.

"ಬೇಕಾದ್ರೆ ನಾಕು ಹೊಡಿ ಅಕ್ಕ. ಆ ಶಾಪ ಒಂದು ವಾಪಸ್ ತಗೊ. ವರ್ಸದ ಅನ್ನ ಅದು." ಅವಳ ಕಣ್ಣಲ್ಲಿ ನೀರಿತ್ತು.

ಇನ್ನೂ ಎರಡು ಸಾಲು ಕುಯ್ದುಕೋ ಎಂದೆ. ಮುಳ್ಳು ತೆಗೆಸಿ ಬನ್ನಿ ಎಂದು ಯಜಮಾನರನ್ನು ಅಟ್ಟಿದೆ. ಮತ್ತೆ ದೇವರ ಮುಂದೆ ಹೋಗಿ, "ಸಾಕಮ್ಮನ ಮೇಲಿನ ಶಾಪ ತೆಗೆದುಬಿಡಪ್ಪ" ಎಂದು ಕೈ ಮುಗಿಯುವಾಗ ಅಡುಗೆಮನೆಯ ನುಗ್ಗೆಕಾಯಿ ಕಣ್ಣಿಗೆ ಬಿತ್ತು. ಆರು ಕಾಯಿ. ಬೆಳಗ್ಗೆ ಸಾಕಮ್ಮ ಹುಳದ ಮನೆಯಲ್ಲಿದ್ದಾಗ, ಗೋಡೆಯ ಈಚೆಯಿಂದ ಕೊಕ್ಕೆ ಹಾಕಿ ಅವಳ ಮರದಿಂದ ನಾನು ಎಳೆದವು. ಬೇರೆಯವರ ಗಿಡ ಎಂದು ಮಾದಪ್ಪನಿಗೆ ನಾನೇ ಬಿಡಿಸಿ ಹೇಳಿದ್ದೆನಲ್ಲ. ನಮ್ಮ ಮನೆಯಲ್ಲೂ ಹುಳಗಳಿದ್ದವು.

"ಎಲ್ಲರ ಮೇಲಿಂದಲೂ ತೆಗೆದುಬಿಡು ಸ್ವಾಮಿ" ಎಂದೆ. ಈ ಸಲ ಮೆಲ್ಲಗೆ.

ಆಮೇಲೆ ನುಗ್ಗೆಕಾಯಿ ಹೆಚ್ಚಲು ಕೂತೆ. ಸಾಕಮ್ಮನಿಗೂ ಒಂದು ಬಟ್ಟಲು ಕಳಿಸಬೇಕಲ್ಲ ಎಂದು, ಸಾರಿಗೆ ಒಂದು ಲೋಟ ನೀರು ಜಾಸ್ತಿ ಇಟ್ಟೆ.